ತಂಗಿಯ ರಿಪೋರ್ಟು

ಹುಮನಾಬಾದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಾಕ್ಟರ್ ಸಲಾವುದ್ದೀನರ ದವಾಖಾನೆ. ಅದಕ್ಕೆ ಅಂಟಿಕೊಂಡ ಒಂದೇ ಖೋಲಿಯ ಲ್ಯಾಬು ಗುರುಶಾಂತನದು. ಒಂದು ಮೈಕ್ರೋಸ್ಕೋಪು, ಕೈಯಿಂದ ತಿರುಗಿಸುವ ಒಂದು ಸೆಂಟ್ರಿಫ್ಯೂಜು, ಸ್ಪಿರಿಟ್ ದೀಪ, ಗೂಡಿನಲ್ಲಿ ನಿಲ್ಲಿಸಿದ ಗಾಜಿನ ನಳಿಕೆಗಳು, ಇಷ್ಟೇ ಅವನ ಸಂಸಾರ. ಗುಲಬರ್ಗಾದಲ್ಲಿ ಎರಡು ವರ್ಷ ಕೋರ್ಸು ಮಾಡಿ ಬಂದವನು. ಮಲೇರಿಯಾದ ಸ್ಲೈಡು ಅನುಮಾನ ಹುಟ್ಟಿಸಿದರೆ ಊಟ ಬಿಟ್ಟು ಅರ್ಧ ಗಂಟೆ ಅದರ ಮೇಲೇ ಕಣ್ಣಿಟ್ಟು ಕೂರುತ್ತಿದ್ದ. ಊರಿನ ದೊಡ್ಡ ಕಾಂಟ್ರ್ಯಾಕ್ಟರನೊಬ್ಬ ವಿಮೆಯ ಕಾಗದಕ್ಕಾಗಿ, ತನ್ನ ಮೂತ್ರದಲ್ಲಿ ಸಕ್ಕರೆ ಇಲ್ಲವೆಂದು ಬರೆದುಕೊಡಲು ಗೋಗರೆದಿದ್ದ. ಗುರುಶಾಂತ ನಳಿಕೆ ತೊಳೆಯುತ್ತಲೇ ಹೇಳಿದ್ದ: "ಕಣ್ಣಿಗಿ ಕಂಡದ್ದು ಬರೀತೀನ್ರಿ ಸಾವಕಾರ್ರ. ಕಾಣಲಾರದ್ದು ಬರೀಲಾಕ ನನಗ ಬರಂಗಿಲ್ಲ."

ಈ ಮಾತು ಸಲಾವುದ್ದೀನರ ಕಿವಿಗೆ ಬಿದ್ದು, ಅವರ ಬಾಯಿಂದ ಊರಿಗೆಲ್ಲ ಹಬ್ಬಿತ್ತು. ಗುರುಶಾಂತನ ಚೀಟಿ ಬಂದರೆ ಅವರು ಮರುಮಾತಿಲ್ಲದೆ ಔಷಧ ಬರೆಯುತ್ತಿದ್ದರು.

ಗುರುಶಾಂತನ ಅಪ್ಪ ತೀರಿಕೊಂಡಾಗ ತಂಗಿ ಪೂನಂಗೆ ಎಂಟು ವರ್ಷ, ಅವನಿಗೆ ಹದಿನಾರು. ಅವಳ ಶಾಲೆಯ ಫಾರ್ಮಿಗೆ ಸಹಿ ಹಾಕಿದವನು ಅವನು, ಜಡೆ ಹಾಕಲು ಕಲಿತವನೂ ಅವನೇ. ಅವ್ವ ಶಕುಂತಲಾಬಾಯಿ ಶೇಂಗಾ ಒಡೆಯುವ ಮಿಲ್ಲಿಗೆ ಹೋಗಿ ಮನೆ ನಡೆಸಿದಳು. ಪೂನಂ ಬೆಳೆದಂತೆ ಬಾಯಿ ಜೋರಾಯಿತು. ಬಿ.ಎ. ಮುಗಿಸಿ, ಓಣಿಯ ಹುಡುಗಿಯರಿಗೆ ಹಿಂದಿ ಪರೀಕ್ಷೆಗಳ ಪಾಠ ಹೇಳತೊಡಗಿದಳು. ತಪ್ಪು ಓದಿದವಳ ಕಿವಿ ಹಿಂಡಿ, ಮರುಗಳಿಗೆಗೆ ಅವಳ ಬಾಯಿಗೇ ಬೆಲ್ಲ ಇಡುತ್ತಿದ್ದಳು.

ತೊಂಬತ್ತಾರರ ದೀಪಾವಳಿ ಕಳೆದ ಮೇಲೆ ಅವಳಿಗೆ ಬೆರಳ ಗಿಣ್ಣುಗಳು ನೋಯತೊಡಗಿದವು. ಬೆಳಿಗ್ಗೆ ಎದ್ದರೆ ಚಾಕ್‌ಪೀಸು ಹಿಡಿಯಲಾಗುತ್ತಿರಲಿಲ್ಲ. ಸಂಜೆಗೆ ಸಣ್ಣ ಜ್ವರ. ಬಿಸಿಲಿಗೆ ಹೋಗಿ ಬಂದರೆ ಎರಡೂ ಕೆನ್ನೆಗಳು, ನಡುವೆ ಮೂಗಿನ ದಂಡೆ, ಕೆಂಪಾಗಿ ಉರಿಯುತ್ತಿದ್ದವು. ಬಾಚಿದರೆ ಹಣಿಗೆ ತುಂಬ ಕೂದಲು. ಜ್ವರದ ಸುದ್ದಿ ಹೇಗೋ ಚಿಟಗುಪ್ಪಕ್ಕೆ ಮುಟ್ಟಿ, ಅಲ್ಲಿ ಹೆಚ್ಚು ಕಡಿಮೆ ಗಟ್ಟಿಯಾಗಿದ್ದ ಸಂಬಂಧ ಮುರಿಯಿತು. ಹುಡುಗನ ಕಾಕಾ ಬಂದು ಚಹಾ ಕುಡಿದು, "ಹುಡುಗಿ ರೋಗಿಷ್ಟಿ ಅಂತ ಕೇಳಿದೆವ್ರಿ" ಎಂದು ಹೇಳಿ ಎದ್ದು ಹೋದ. ಶಕುಂತಲಾಬಾಯಿ ಎರಡು ದಿನ ಬಾಗಿಲ ಹೊರಗೆ ಬರಲಿಲ್ಲ.

ಜನವರಿಯಲ್ಲಿ ಬಸವಕಲ್ಯಾಣದಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಸಂಜೀವಕುಮಾರ, ಲಾರಿಗಳ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವನು, ಮೆತ್ತನೆ ಮಾತಿನವನು. ಪೂನಂ ಅವನನ್ನು ನೋಡಿ, ಹಿಂದಿನ ಸಲದಂತೆ ಮೂಗು ಮುರಿಯದೆ ಒಳಗೆ ಹೋದಳು. ಫೆಬ್ರುವರಿ ಕೊನೆಗೆ ತಿಥಿ ನಿಶ್ಚಯವಾಯಿತು.

ಮದುವೆಗೆ ಮೂರು ವಾರ ಇದ್ದಾಗ ಪೂನಂಳ ಕಾಲು ಬಾತವು. ಸಲಾವುದ್ದೀನರು ಕಣಕಾಲಿನ ಮೇಲೆ ಬೆರಳೊತ್ತಿ, ಬಿದ್ದ ಕುಳಿ ನೋಡಿ, ಗುರುಶಾಂತನಿಗೆ ಹೇಳಿದರು: "ಭಾಯಿ, ಇವತ್ತೇ ಮೂತ್ರ ನೋಡು. ನನಗ ಚೀಟಿ ಬೇಕು."

ಅವನು ನಳಿಕೆಯ ಮುಕ್ಕಾಲಿಗೆ ಮೂತ್ರ ತುಂಬಿಸಿ, ಮೇಲಿನ ಭಾಗವನ್ನು ದೀಪಕ್ಕೆ ಹಿಡಿದ. ಅದು ಕುದಿಯುವ ಮೊದಲೇ ಬೆಳ್ಳಗೆ ಮೋಡ ಕಟ್ಟಿತು. ಆಮ್ಲದ ಹನಿ ಹಾಕಿದ; ಮೋಡ ಕರಗಲಿಲ್ಲ, ಮೊಸರಿನ ಹಾಗೆ ಗಟ್ಟಿಯಾಯಿತು. ಮೂತ್ರದಲ್ಲಿ ಇರಬಾರದ ರಕ್ತದ ಪ್ರೋಟೀನು, ಆಲ್ಬುಮಿನ್. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಸ್ಲೈಡಿಗೆ ಹಾಕಿ ಕಣ್ಣಿಟ್ಟ. ಕೆಂಪು ಕಣಗಳು. ಬಿಳಿ ಕಣಗಳು ಗುಂಪು ಗುಂಪಾಗಿ. ಅಷ್ಟು ಬಿಳಿ ಕಣಗಳಿದ್ದರೆ ನಡುವೆ ಕ್ರಿಮಿಗಳಿರಬೇಕು. ಎಷ್ಟು ಹುಡುಕಿದರೂ ಒಂದೂ ಕಾಣಲಿಲ್ಲ. ಮತ್ತೆ ಅಲ್ಲಲ್ಲಿ ಸಣ್ಣ ಕೊಳವೆಯ ಆಕಾರದ ತುಣುಕುಗಳು, ಒಳಗೆ ಒತ್ತೊತ್ತಾಗಿ ಕೆಂಪು ಕಣ. ಕೋರ್ಸಿನಲ್ಲಿ ಮೇಷ್ಟ್ರು ಹೇಳಿದ್ದು ನೆನಪಿತ್ತು: ರಕ್ತ ಈ ಆಕಾರದಲ್ಲಿ ಬಂತೆಂದರೆ ಅದು ಕೆಳಗಿನ ದಾರಿಯದ್ದಲ್ಲ, ಕಿಡ್ನಿಯ ಒಳಗಿನದ್ದೇ. ಹಾಗಾದರೆ ಈ ಬಿಳಿ ಕಣಗಳು ಅಲ್ಲಿ ಯಾರ ಮೇಲೆ ಬಿದ್ದಿವೆ? ಅದು ಅವನಿಗೆ ತಿಳಿಯಲಿಲ್ಲ. ಮೂರು ಸ್ಲೈಡು ಮಾಡಿದ. ಮೂರರಲ್ಲೂ ಅದೇ.

ಮನೆಗೆ ಹೋಗಿ ಅವ್ವನನ್ನು ಅಡುಗೆಮನೆಯಲ್ಲಿ ಹಿಡಿದು ಹೇಳಿದ. ಶಕುಂತಲಾಬಾಯಿ ಒಲೆ ಸಣ್ಣ ಮಾಡಿದಳು.

"ಸಾಯೂ ಅಂಥಾದ್ದೇನು?"

"ಹಂಗಲ್ಲವ್ವಾ. ಹೈದರಾಬಾದಿಗಿ ಕರ್ಕೊಂಡು ಹೋಗಿ ತೋರಿಸಬೇಕು. ಮದುವಿ ಒಂದೆರಡು ತಿಂಗಳು ಮುಂದ ಹಾಕಮು."

"ಮುಂದ ಹಾಕಿದ್ರ ಯಾಕ ಅಂತ ಕೇಳಂಗಿಲ್ಲೇನು ಅವರು? ಕಲ್ಯಾಣದವರಿಗಿ ಚಿಟಗುಪ್ಪ ಎಷ್ಟು ದೂರ?" ಅವಳ ಧ್ವನಿ ಒಡೆಯಿತು. "ಎರಡನೇದೂ ಮುರೀತಂದ್ರ ಆ ಹುಡುಗಿಗಿ ಮತ್ಯಾರು ಬರ್ತಾರ? ಡಾಕ್ಟರಗ ಹೇಳಿದ್ರ ಅವರು ಸುಮ್ಮನ ಕೂಡ್ತಾರೇನು? ಮದುವಿ ಆಗಲಿ. ಆಮ್ಯಾಲ ನೀನೇ ಕರ್ಕೊಂಡು ಹೋಗು. ಇಪ್ಪತ್ತು ದಿನದಾಗ ಏನಾಗ್ತದ?"

ಇಪ್ಪತ್ತು ದಿನದಲ್ಲಿ ಏನಾಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಹೊರಗಿನ ಪಡಸಾಲೆಯಲ್ಲಿ ಪೂನಂ ಗೆಳತಿಯರಿಗೆ ಸೀರೆಯ ಸೆರಗು ಬಿಚ್ಚಿ ತೋರಿಸುತ್ತಿದ್ದಳು. ನಗು ಒಳಗಿನವರೆಗೆ ಕೇಳುತ್ತಿತ್ತು. ಗುರುಶಾಂತ ಲ್ಯಾಬಿಗೆ ವಾಪಸು ಹೋಗಿ ಚೀಟಿ ತೆಗೆದ. ಆಲ್ಬುಮಿನ್ ಎಂದಿದ್ದ ಕಡೆ 'ಇಲ್ಲ' ಎಂದು ಬರೆದ. ಕೆಂಪು ಕಣ, ಬಿಳಿ ಕಣ, ಅಲ್ಲೂ 'ಇಲ್ಲ'. ಕೆಳಗೆ ಸಹಿ ಮಾಡಿದ. ಸಲಾವುದ್ದೀನರು ಚೀಟಿ ನೋಡಿ ನಿರಾಳವಾಗಿ, "ಹಂಗಾದ್ರ ರಕ್ತ ಕಮ್ಮಿ ಅದ, ಮತ್ತೇನಿಲ್ಲ" ಎಂದು ಶಕ್ತಿಯ ಗುಳಿಗೆ ಬರೆದರು. ಗಿಣ್ಣಿನ ನೋವಿಗೆಂದು ನೋವಿನ ಗುಳಿಗೆಯನ್ನೂ ಬರೆದರು.

ಮದುವೆಯಾಯಿತು. ಮೊದಲ ತಿಂಗಳು ಗುರುಶಾಂತ ಎರಡು ಸಲ ಬಸವಕಲ್ಯಾಣಕ್ಕೆ ಹೋದ. ಎರಡು ಸಲವೂ ಹೈದರಾಬಾದಿನ ಮಾತೆತ್ತಬೇಕೆಂದೇ ಹೋದದ್ದು. ಪೂನಂಳ ಕಾಲ ಬಾವು ಇಳಿದಿತ್ತು, ಕೆನ್ನೆ ತಿಳಿಯಾಗಿತ್ತು. ಅತ್ತೆ, "ನಿಮ್ಮ ತಂಗಿ ಬಂದು ಮನಿ ತುಂಬೇದ್ರಿ" ಎಂದು ತುಪ್ಪ ಸುರಿದು ಹೋಳಿಗೆ ಬಡಿಸಿದಳು. ಅವನು ಉಂಡು ಬಂದ. ಆಮೇಲೆ ಮಾತು ಮುಂದಕ್ಕೆ ಹೋಗುತ್ತ ಹೋಗಿ, ತಾನು ಕಂಡದ್ದೇ ತಪ್ಪಿರಬಹುದು ಎಂದು ಅಂದುಕೊಳ್ಳತೊಡಗಿದ. ನೋವು ಬಂದಾಗಲೆಲ್ಲ ಅವಳು, ಕೆಟ್ಟ ಕಿಡ್ನಿಗೆ ವಿಷವಾಗುವ ಅದೇ ನೋವಿನ ಗುಳಿಗೆ ತರಿಸಿ ನುಂಗುತ್ತಿದ್ದಳೆಂದು ಅವನಿಗೆ ತಿಳಿದದ್ದು ಬಹಳ ತಡವಾಗಿ.

ಮರುವರ್ಷ ಅವಳು ಬಸುರಾದಳು. ಆರು ತಿಂಗಳು ದಾಟುತ್ತಿದ್ದಂತೆ ಮುಖ ಬಾತು ಕಣ್ಣು ಮುಚ್ಚಿಹೋದವು. ಬಿ.ಪಿ. ಏರಿತು. ಜೀಪಿನಲ್ಲಿ ಹೈದರಾಬಾದಿಗೆ ಒಯ್ದರು. ಏಳು ತಿಂಗಳಿಗೆ ಹುಟ್ಟಿದ ಗಂಡುಕೂಸು ಅಳಲಿಲ್ಲ. ನರ್ಸು ಅದನ್ನು ಬಟ್ಟೆಯಲ್ಲಿ ಸುತ್ತಿ ಸಂಜೀವಕುಮಾರನ ಕೈಗೆ ಕೊಟ್ಟಾಗ, ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಾರಿಡಾರಿನಲ್ಲಿ ನಿಂತಿದ್ದ.

ನಾಲ್ಕು ದಿನಗಳ ಮೇಲೆ ಕಿಡ್ನಿಯ ಡಾಕ್ಟರಮ್ಮ ವಾರ್ಡಿಗೆ ಬಂದರು. ಗುಲಬರ್ಗಾದಲ್ಲಿ ಓದಿದವರು, ಕನ್ನಡ ಬರುತ್ತಿತ್ತು. ಪೂನಂಳ ಮಂಚದ ಪಕ್ಕದಲ್ಲಿ ಸಂಜೀವಕುಮಾರ, ಕಾಲ ಬಳಿ ಗುರುಶಾಂತ, ಸ್ಟೂಲಿನ ಮೇಲೆ ಶಕುಂತಲಾಬಾಯಿ.

"ಮದುವೆಗೆ ಮೊದಲು ಯಾವಾಗಾದರೂ ಮೂತ್ರ ಪರೀಕ್ಷೆ ಮಾಡಿಸಿದ್ದಿರಾ?"

"ಮಾಡ್ಸಿದ್ದೆವ್ರಿ," ಪೂನಂ ಹೇಳಿದಳು. ನಾಲ್ಕು ದಿನಗಳಲ್ಲಿ ಅವಳು ಸರಿಯಾಗಿ ಆಡಿದ ಮೊದಲ ಮಾತದು. "ನಮ್ಮಣ್ಣನೇ ನೋಡಿದ್ದ. ಏನೂ ಇದ್ದಿಲ್ಲ."

"ಹಾಗಾದರೆ ಇದು ಬಸುರಾದ ಮೇಲೆ ಬಂದದ್ದು. ಬಯಾಪ್ಸಿ ಈಗಲೇ ಬೇಡ. ಗುಳಿಗೆ ಕೊಟ್ಟು ಮೂರು ತಿಂಗಳು ನೋಡೋಣ." ಡಾಕ್ಟರಮ್ಮ ಕಾಗದದ ಮೇಲೆ ಬರೆಯತೊಡಗಿದರು.

ಗುರುಶಾಂತ ಮಂಚದ ಕಬ್ಬಿಣ ಹಿಡಿದುಕೊಂಡ. "ಇತ್ತು ಮೇಡಂ," ಎಂದ.

"ಏನು?"

"ಮದುವಿ ಮೊದಲೇ ಇತ್ತು. ಆಲ್ಬುಮಿನ್ ಬಹಳ ಇತ್ತು. ಕೆಂಪು ಕಣದ ಕೊಳವಿನೂ ಇದ್ದವು. ಮೂರು ಸಲ ನೋಡಿದ್ದೆ. ಚೀಟಿದಾಗ ಇಲ್ಲ ಅಂತ ಬರದೆ."

ಡಾಕ್ಟರಮ್ಮನ ಪೆನ್ನು ನಿಂತಿತು. ತಲೆ ಎತ್ತಿ ಅವನನ್ನು ನೋಡಿದರು, ಬೈಯಲಿಲ್ಲ. "ಒಂದೂವರೆ ವರ್ಷ," ಎಂದಷ್ಟೇ ಅಂದು, ಬರೆದದ್ದನ್ನು ಹೊಡೆದುಹಾಕಿ, ನಾಳೆಯೇ ಬಯಾಪ್ಸಿ ಎಂದು ಬರೆದರು.

ಸಂಜೀವಕುಮಾರ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಚಹಾ ತಂದ. ಪೂನಂಗೆ ಒಂದು, ಅತ್ತೆಗೆ ಒಂದು, ತನಗೆ ಒಂದು. ಗುರುಶಾಂತನಿಗೆ ತಂದಿರಲಿಲ್ಲ. ಶಕುಂತಲಾಬಾಯಿ ಕಪ್ಪು ಹಿಡಿದು, "ಅವನೇನು ಬೇಕಂತ ಮಾಡ್ಯಾನೇನು..." ಎಂದು ಶುರು ಮಾಡಿದಳು. ಪೂನಂ ಗೋಡೆಯ ಕಡೆ ಮಗ್ಗುಲಾದಳು.

ಬಯಾಪ್ಸಿ ಆದ ಮೇಲೆ, ಇವನು ಲ್ಯಾಬಿನವನೆಂದು ಡಾಕ್ಟರಮ್ಮ ಒಳಗೆ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ತಂಗಿಯ ಕಿಡ್ನಿಯ ದಾರದಷ್ಟು ಸಣ್ಣ ತುಣುಕು. ರಕ್ತ ಸೋಸುವ ಗೊಂಚಲುಗಳು ದುಂಡದುಂಡಗೆ ಕಂಡವು. ಪುಸ್ತಕದಲ್ಲಿ ಅವು ತೆಳ್ಳಗೆ, ಜಾಲರಿಯಂತೆ ಇರುತ್ತಿದ್ದವು. ಇಲ್ಲಿ ಕಣಗಳು ಕಿಕ್ಕಿರಿದು ಸಂದೇ ಇರಲಿಲ್ಲ.

"ಹೊರಗಿನ ರೋಗಾಣು ಬಂದರೆ ಗುರುತಿಸಿ ಕೊಲ್ಲಬೇಕಾದವು ಬಿಳಿ ಕಣಗಳು," ಡಾಕ್ಟರಮ್ಮ ಹೇಳಿದರು. "ನಿಮ್ಮ ತಂಗಿಯ ಮೈಯಲ್ಲಿ ಅವುಗಳಲ್ಲಿ ಕೆಲವು ಗುರುತು ತಪ್ಪಿವೆ. ತಮ್ಮದೇ ಕಣಗಳ ತಿರುಳನ್ನು ಪರರದ್ದು ಎಂದು ತಿಳಿದು, ಅದಕ್ಕೆ ಅಂಟುವ ಪದಾರ್ಥವನ್ನು ರಕ್ತಕ್ಕೆ ಬಿಡುತ್ತಿವೆ. ಅದು ಹರಿದು ಬಂದು ಈ ಗೊಂಚಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕಂಡು ಬೇರೆ ಬಿಳಿ ಕಣಗಳು ಓಡಿ ಬರುತ್ತವೆ, ಸುಡುವ ರಸ ಬಿಡುತ್ತವೆ. ಅದು ಇನ್ನಷ್ಟು ಕಣಗಳನ್ನು ಕರೆಯುತ್ತದೆ. ಜಾಗ ಬಾಯುತ್ತದೆ, ಸೋಸುವ ಪೊರೆ ಹರಿಯುತ್ತದೆ, ರಕ್ತ, ಆಲ್ಬುಮಿನ್ ಎಲ್ಲ ಸೋರುತ್ತದೆ. ನೀವು ಮೂತ್ರದಲ್ಲಿ ನೋಡಿದ್ದು ಅದನ್ನೇ. ಗಿಣ್ಣಿನ ನೋವು, ಕೆನ್ನೆಯ ಕೆಂಪೂ ಇದೇ ರೋಗದ್ದು."

"ಕ್ರಿಮಿ ಇದ್ದಿಲ್ರಿ. ಅದಕ್ಕ ನನಗ ತಿಳೀಲಿಲ್ಲ."

"ಕ್ರಿಮಿ ಇರುವುದೇ ಇಲ್ಲ." ಅವರು ಸ್ಲೈಡು ಸರಿಸಿದರು. "ಇದನ್ನು ನೋಡಿ. ಇಲ್ಲಿ ಬಾವು ಇಲ್ಲ. ಮಾಗಿ ಕಲೆಯಾಗಿದೆ. ಬಾವಿಗೆ ಔಷಧ ಉಂಟು. ಕಲೆಗಿಲ್ಲ."

ಗುರುಶಾಂತ ಎಣಿಸಿದ. ಹದಿನೆಂಟು ಗೊಂಚಲುಗಳಲ್ಲಿ ಏಳು ಕಲೆ. ಅಂದು ಹೇಳಿದ್ದರೆ ಇವುಗಳಲ್ಲಿ ಎಷ್ಟು ಉಳಿಯುತ್ತಿದ್ದವು ಎಂದು ಕೇಳಲು ಬಾಯಿ ತೆರೆದು, ಕೇಳದೆ ಎದ್ದ.

ಮುಂದೆ ಆರು ತಿಂಗಳು, ತಿಂಗಳಿಗೊಂದು ಸಲೈನು. ಬಿಳಿ ಕಣಗಳ ಸೊಕ್ಕು ಇಳಿಸುವ ಔಷಧ. ಅದು ಬೇರೆ ಕಣಗಳನ್ನೂ ಕೊಲ್ಲುತ್ತದೆ, ಇನ್ನು ಮಕ್ಕಳಾಗುವುದು ಕಷ್ಟ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಗುಳಿಗೆಗಳಿಂದ ಪೂನಂಳ ಮುಖ ದುಂಡಗೆ ಊದಿತು, ಇದ್ದ ಕೂದಲೂ ಉದುರಿತು. ಪ್ರತಿ ತಿಂಗಳು ಸಂಜೀವಕುಮಾರ ಅವಳನ್ನು ಬಸ್ಸಿನಲ್ಲಿ ಕರೆತರುತ್ತಿದ್ದ; ಬಸ್ಸು ಹುಮನಾಬಾದದಲ್ಲಿ ನಿಂತಾಗ ಗುರುಶಾಂತ ಹತ್ತುತ್ತಿದ್ದ, ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಸಂಜೀವಕುಮಾರ ಔಷಧದ ಚೀಟಿಯನ್ನು ಮಾತಿಲ್ಲದೆ ಅವನ ಕೈಗೆ ಕೊಡುತ್ತಿದ್ದ. ಹುಮನಾಬಾದದ ಮನೆಯ ಹೊಸ್ತಿಲನ್ನು ಮಾತ್ರ ಅಳಿಯ ಮತ್ತೆಂದೂ ತುಳಿಯಲಿಲ್ಲ.

ಮೂರನೆಯ ಸಲ ಪೂನಂ ಮಾತೆತ್ತಿದಳು. ಕೈಯಲ್ಲಿ ಸಲೈನಿನ ಸೂಜಿ, ಸಂಜೀವಕುಮಾರ ಊಟ ತರಲು ಹೋಗಿದ್ದ.

"ಅವ್ವ ಹೇಳಿದ್ಳು ಅಂತ ಬರದಿ. ಹೌದಲ್ಲ?"

ಗುರುಶಾಂತ ತಲೆ ತಗ್ಗಿಸಿದ.

"ಅವ್ವಗ ನಾ ಏನೂ ಅನ್ನಂಗಿಲ್ಲ. ಅಕಿ ಓದಿದಾಕಿ ಅಲ್ಲ, ಅಕಿಗಿ ಮದುವಿ ಒಂದೇ ಕಾಣತಿತ್ತು. ನೀ ಕಣ್ಣಿಟ್ಟು ನೋಡಿದ್ದೆಲ್ಲಣ್ಣಾ." ಸ್ವಲ್ಪ ತಡೆದು ಅಂದಳು, "ನನಗ ಒಂದು ಮಾತು ಕೇಳಿದ್ರ ನಾನೇ ಹೇಳ್ತಿದ್ದೆ, ಮದುವಿ ಬ್ಯಾಡ ಅಂತ. ಇಲ್ಲಾ ಆಗ್ಲಿ ಅಂತಿದ್ದೆನೋ ಏನೋ. ಆದ್ರ ಹೇಳಾಕಿ ನಾನಿರ್ತಿದ್ದೆ."

ಅವನಿಗೆ ಕ್ಷಮಿಸು ಎನ್ನಬೇಕೆನಿಸಿತು. ಆ ಮಾತು ಅವಳ ಮೇಲೇ ಇನ್ನೊಂದು ಭಾರ ಹೊರಿಸಿದಂತೆ ಎಂದೂ ಅನಿಸಿತು. ಸಲೈನಿನ ಹನಿ ನೋಡುತ್ತ ಕುಳಿತ.

ಊರಿಗೆ ಬಂದು ಸಲಾವುದ್ದೀನರಿಗೂ ಹೇಳಿದ. ಅವರು, "ನೋವಿನ ಗುಳಿಗಿ ಬರದದ್ದು ಈ ಕೈ," ಎಂದು ತಮ್ಮ ಕೈ ನೋಡಿಕೊಂಡರು. ಅವನಿಂದ ಲ್ಯಾಬು ಬಿಡಿಸಲಿಲ್ಲ. ಅಂದಿನಿಂದ ಅವನ ಚೀಟಿ ಬಂದರೆ, ರೋಗಿಯನ್ನು ಕೂರಿಸಿ, ಒಳಬಂದು ತಾವೂ ಒಮ್ಮೆ ಮೈಕ್ರೋಸ್ಕೋಪಿಗೆ ಬಗ್ಗಿ ನೋಡಿ ಹೋಗುತ್ತಿದ್ದರು. ಗುರುಶಾಂತ ಎದ್ದು ಜಾಗ ಬಿಡುತ್ತಿದ್ದ.

ಔಷಧ ನಾಲ್ಕು ವರ್ಷ ನಡೆಸಿತು. ಪೂನಂ ಬಸವಕಲ್ಯಾಣದ ಮನೆಯ ಅಟ್ಟದ ಮೇಲೆ ಮತ್ತೆ ಹಿಂದಿ ಪಾಠ ಶುರು ಮಾಡಿದಳು. ಹದಿನೈದು ಹುಡುಗಿಯರು ಬರುತ್ತಿದ್ದರು. ಮೋರಖಂಡಿಯಿಂದ ಸೈಕಲ್ ಮೇಲೆ ಬರುವ ಆಮಿನಾ ಎಂಬ ಹುಡುಗಿ ತಾಲೂಕಿಗೇ ಮೊದಲು ಬಂದಾಗ ಅವಳು ಓಣಿಗೆಲ್ಲ ಪೇಢೆ ಹಂಚಿದಳು. ಕೂದಲು ಮತ್ತೆ ಬೆಳೆದು ಕಿವಿ ಮುಚ್ಚಿತು. ಮಕ್ಕಳ ಮಾತು ಅತ್ತೆ ಒಂದೆರಡು ಸಲ ಎತ್ತಿದಾಗ ಸಂಜೀವಕುಮಾರನೇ, "ಸುಮ್ಮಕಿರವ್ವಾ" ಎಂದು ತಡೆದ.

ಎರಡು ಸಾವಿರದ ಮೂರರಲ್ಲಿ ಅವಳಿಗೆ ಊಟ ಸೇರದಾಯಿತು, ಬಾಯಲ್ಲಿ ಕಬ್ಬಿಣದ ರುಚಿ ಎನ್ನತೊಡಗಿದಳು. ಕಲೆಗಳು ಹೆಚ್ಚುತ್ತ ಹೋಗಿ, ಸೋಸಲು ಹೆಚ್ಚೇನೂ ಉಳಿದಿರಲಿಲ್ಲ. ವಾರಕ್ಕೆ ಎರಡು ಸಲ ಸೋಲಾಪುರದಲ್ಲಿ ಡಯಾಲಿಸಿಸ್. ರಕ್ತ ಇಳಿದಾಗಲೆಲ್ಲ ಬೇರೆಯವರ ರಕ್ತ ಏರಿಸಿದರು. ಕಿಡ್ನಿ ಬದಲಿಸಬೇಕೆಂದಾಗ ಅವ್ವನಿಗೆ ಸಕ್ಕರೆ ಕಾಯಿಲೆ, ಸಂಜೀವಕುಮಾರನ ರಕ್ತದ ಗುಂಪು ಹೊಂದಲಿಲ್ಲ. ಉಳಿದವನು ಗುರುಶಾಂತ. ಅವನ ಗುಂಪು ಒಂದೇ.

"ಕೊಡ್ತೀನಂದ್ರ ತೊಗೋತೀನಿ," ಪೂನಂ ಹೇಳಿದಳು. "ನನಗ ಬದುಕಬೇಕಾಗ್ಯಾದ. ಆದ್ರ ಅದಕ್ಕ ಇದು ಸರಿಹೋಯ್ತು ಅಂತ ತಿಳೀಬ್ಯಾಡ."

ಹೈದರಾಬಾದಿನಲ್ಲಿ ಎಲ್ಲ ತಪಾಸಣೆಯಾಗಿ ಕೊನೆಯದೊಂದು ಉಳಿಯಿತು. ಅವನ ಬಿಳಿ ಕಣಗಳನ್ನು ಬೇರ್ಪಡಿಸಿ, ಅವಳ ರಕ್ತದ ತಿಳಿಯಲ್ಲಿ ಹಾಕಿ ನೋಡುವ ಪರೀಕ್ಷೆ. ರಿಪೋರ್ಟಿನ ದಿನ ಗುರುಶಾಂತ ಒಬ್ಬನೇ ಹೋದ. ತಾನೂ ಲ್ಯಾಬಿನವನೆಂದು ಹೇಳಿ, ಒಮ್ಮೆ ನೋಡಲು ಬಿಡಿರೆಂದು ಕೇಳಿಕೊಂಡ. ಅಲ್ಲಿನ ಹುಡುಗಿ ಜಾಗ ಬಿಟ್ಟುಕೊಟ್ಟಳು. ಬದುಕಿದ ಕಣಗಳು ಹೊಳೆಯಬೇಕಿತ್ತು. ಹೆಚ್ಚುಕಡಿಮೆ ಎಲ್ಲವೂ ಸತ್ತು, ಬಣ್ಣ ಕುಡಿದು ಕಪ್ಪಾಗಿ ನಿಂತಿದ್ದವು. ಬಸುರಿನಿಂದ, ಏರಿಸಿದ ಬಾಟಲಿ ಬಾಟಲಿ ರಕ್ತದಿಂದ ಅವಳ ಮೈ ಪರರ ಕಣಗಳ ವಿರುದ್ಧ ಮೊದಲೇ ಸಜ್ಜಾಗಿತ್ತು. ಅಣ್ಣನ ಕಿಡ್ನಿ ಇಟ್ಟರೆ ಗಂಟೆಗಳಲ್ಲಿ ಅದನ್ನು ಕೊಲ್ಲುತ್ತಿತ್ತು. ಆಗುವುದಿಲ್ಲ ಎಂದರು ಡಾಕ್ಟರಮ್ಮ. ಬೇರೆ ಕಿಡ್ನಿಗೆ ಕಾಯುವವರ ಯಾದಿಯಲ್ಲಿ ಹೆಸರು ಹಚ್ಚಿಡೋಣ ಎಂದರು.

ವಾಪಸು ಬರುವಾಗ ಬಸ್ಸು ಹುಮನಾಬಾದದಲ್ಲಿ ನಿಂತಿತು. ಅವ್ವ ಮನೆಯಲ್ಲಿ ದಾರಿ ಕಾಯುತ್ತಿರುತ್ತಾಳೆಂದು ಗೊತ್ತಿತ್ತು. ಇಳಿಯಲಿಲ್ಲ. ಹೈವೇಯ ಕ್ರಾಸಿನಲ್ಲಿ ಇಳಿದು ಟಂಟಂ ಆಟೋ ಹಿಡಿದು ಬಸವಕಲ್ಯಾಣಕ್ಕೆ ಹೋದ. ಪೂನಂ ಅಟ್ಟದ ಮೇಲೆ ನೋಟುಬುಕ್ಕು ತಿದ್ದುತ್ತಿದ್ದಳು. ಅವನು ಲಕೋಟೆ ತೆಗೆದು ಅವಳ ಕೈಗೇ ಕೊಟ್ಟ.

"ನೀನೇ ಓದು."

ಅವಳು ಕಾಗದ ಬಿಡಿಸಿ, ಬೆರಳಿಟ್ಟು ಓದಿ, ಕಣ್ಣರಳಿಸಿದಳು. "ಪಾಸಿಟಿವ್ ಅಂತ ಅದಲ್ಲಣ್ಣಾ! ಛಲೋ ಆಯ್ತಲ್ಲ?"

ಗುರುಶಾಂತ ತಲೆಯಾಡಿಸಿದ. "ಇಲ್ಲ ಪೂನಂ. ಇದರಾಗ ಪಾಸಿಟಿವ್ ಅಂದ್ರ ಕೂಡಂಗಿಲ್ಲ ಅಂತ. ನಂದು ನಿನಗ ನಡಿಯಂಗಿಲ್ಲ. ನಾನೇ ಕಣ್ಣಿಟ್ಟು ನೋಡಿ ಬಂದೀನಿ."

ಅವಳು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಚಿದಳು. ಕೆಳಗೆ ಓಣಿಯಲ್ಲಿ ಯಾರೋ ಕೊಡ ತೊಳೆಯುತ್ತಿದ್ದರು.

"ಈ ಸಲ ಹೇಳಿದೆಲ್ಲ," ಎಂದಳು. ಆಮೇಲೆ, "ಚಹಾ ಮಾಡ್ತೀನಿ, ಕೂಡು," ಎಂದು ಮೊಳಕಾಲ ಮೇಲೆ ಕೈಯೂರಿ ಎದ್ದಳು.

ಯಾದಿಯಲ್ಲಿ ಅವಳ ಸರದಿ ಬರಲಿಲ್ಲ. ಮರುವರ್ಷ ಶ್ರಾವಣದಲ್ಲಿ ಕೊರಳಿಗೆ ಹಾಕಿದ್ದ ಡಯಾಲಿಸಿಸ್ ನಳಿಕೆಯ ಬಾಯಿ ಕೀವಾಯಿತು, ಚಳಿಜ್ವರ ಬಂತು. ವರ್ಷಗಟ್ಟಲೆ ಔಷಧ ಉಂಡು ಉಂಡು, ಈಗ ನಿಜವಾಗಿ ಕ್ರಿಮಿ ಬಂದಾಗ ಅದನ್ನು ತಡೆಯುವ ಬಲ ಮೈಯಲ್ಲಿ ಉಳಿದಿರಲಿಲ್ಲ. ಸೋಲಾಪುರದ ಆಸ್ಪತ್ರೆಯಲ್ಲಿ ಮೂರು ದಿನ. ಎರಡನೆಯ ದಿನ ಎಚ್ಚರವಿದ್ದಾಗ, ಹುಡುಗಿಯರ ಪರೀಕ್ಷೆಯ ಹಾಲ್ ಟಿಕೆಟ್ಟು ಬಂದಿವೆ, ಹಂಚಲು ಮರೆಯಬೇಡಿ ಎಂದು ಗಂಡನಿಗೆ ಹೇಳಿದಳು. ಗುರುಶಾಂತನ ಕೈ ಅವಳ ಕೈಯಲ್ಲಿತ್ತು. ಅದನ್ನು ಬಿಡಲೂ ಇಲ್ಲ, ಅವನಿಗೆ ಬೇರೆ ಏನೂ ಹೇಳಲೂ ಇಲ್ಲ. ಅವಳಿಗೆ ಇಪ್ಪತ್ತೊಂಬತ್ತು ತುಂಬಿತ್ತು.

ಬಸವಕಲ್ಯಾಣದಲ್ಲೇ ಮಣ್ಣು ಮಾಡಿದರು. ಕುಣಿಗೆ ಇಳಿಸುವಾಗ ಸಂಜೀವಕುಮಾರ ತಿರುಗಿ, "ಬರ್ರಿ ಅಣ್ಣಾರ, ಹಿಡೀರಿ," ಎಂದು ತಲೆಯ ಕಡೆ ಜಾಗ ಬಿಟ್ಟ.

ಹನ್ನೊಂದನೆಯ ದಿನ ಮುಗಿಸಿ ತಾಯಿ ಮಗ ಹುಮನಾಬಾದಕ್ಕೆ ಬಂದರು. ಶಕುಂತಲಾಬಾಯಿಗೆ ಕಣ್ಣು ಮಂಜಾಗಿತ್ತು. ಗುರುಶಾಂತ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಅವಳ ಮುಂದಿಟ್ಟ. ಏಳು ವರ್ಷ ಬಾಯಿಗೆ ಬಾರದ ಮಾತನ್ನು ಅವಳು ಆಗ ಆಡಿದಳು.

"ನಾ ಹೇಳಿದ್ದಕ್ಕ ನೀ ಬರದಿ, ಗುರೂ. ಪಾಪ ನಂದು."

"ಬರದದ್ದು ನಾನವ್ವಾ," ಗುರುಶಾಂತ ಹೇಳಿದ. "ನೀ ಉಣ್ಣು."

ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡು, ನುಂಗಲಾರದೆ, ಸೆರಗಿನಲ್ಲಿ ಮುಖ ಮುಚ್ಚಿದಳು. ಅವನು ಅವಳ ಬೆನ್ನಿನ ಮೇಲೆ ಕೈಯಿಟ್ಟು, ಬೇಳೆ ಆರುವವರೆಗೂ ಪಕ್ಕದಲ್ಲೇ ಕುಳಿತಿದ್ದ.